ಹಗ್ಗ ಹಿಡಿಯುವ ಅಣ್ಣ

ಗಾಳೆಪ್ಪ ಹೆಬ್ಬಂಡೆಯಿಂದ ಬಿದ್ದು ಸತ್ತನೆಂಬ ಸುದ್ದಿ ಬಂದಾಗ ಪಕ್ಕೀರವ್ವ ಅವನಿಗಾಗಿಯೇ ರೊಟ್ಟಿ ಬಡಿಯುತ್ತಿದ್ದಳು.

“ಸುಳ್ಳು!” ಎಂದಳು. “ನಮ್ಮಣ್ಣ ಊರಾಗಿಲ್ಲ. ಅವನಿಲ್ದ ನನ್ನ ಗಂಡ ಹಗ್ಗಕ್ಕ ಇಳಿಯಂಗಿಲ್ಲ!”

ಸುದ್ದಿ ತಂದ ನೆರೆಮನೆಯ ಗೌಸಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಇಳದಾನವ್ವಾ…”

ಸಾಣಾಪುರದ ಜೇನು ಇಳಿಸುವವರಲ್ಲಿ ಒಂದು ಕಟ್ಟುಪಾಡು ಇತ್ತು. ಬಂಡೆಯ ಮೇಲೆ ನಿಂತು ಹಗ್ಗ ಹಿಡಿಯುವವನು ಹೆಂಡತಿಯ ಒಡಹುಟ್ಟಿದವನೇ ಆಗಬೇಕು. ತಂಗಿಯ ತಾಳಿ ಅವನ ಕೈಯಲ್ಲಿರುತ್ತದೆ. ಪ್ರಾಣ ಹೋದರೂ ಹಗ್ಗ ಬಿಡುವುದಿಲ್ಲ.

ಗಾಳೆಪ್ಪ ಅವಳನ್ನು ಮೆಚ್ಚಿ ಕೇಳಿದ್ದೂ ಹಾಗೆಯೇ. ಜಲಪಾತದ ಕೆಳಗೆ ಕೊಡ ತುಂಬುತ್ತಿದ್ದವಳ ದಾರಿಗೆ ಅಡ್ಡ ನಿಂತು, “ಏ ಹುಡುಗಿ, ನಿನಗ ಅಣ್ಣ ಅದಾನೇನು?” ಎಂದಿದ್ದ.

“ಅದಾನ. ನಿನ್ನ ಕಾಲು ಮುರಿಯಾಕ ಕರೀಲೇನು?”

“ಹಗ್ಗ ಹಿಡಿಯಾಕ ಕರಿ!”

ಅವಳ ಮುಖ ಕೆಂಪೇರಿತ್ತು!

ಮೂವತ್ತೊಂಬತ್ತನೆಯ ಇಸವಿಯ ಆ ಶ್ರಾವಣದಲ್ಲಿ ಜಲಪಾತ ನೋಡಲು ದೊಡ್ಡ ಸಾಹೇಬರೊಬ್ಬರು ಪರಿವಾರದೊಂದಿಗೆ ಬಂದರು. ಹೆಜ್ಜೇನು ಇಳಿಸುವುದನ್ನು ನೋಡಬೇಕೆಂದು ಗಾಳೆಪ್ಪನಿಗೆ ಹುಕುಂ ಆಯಿತು.

“ಕಲ್ಲು ಹಸಿ ಐತಿ, ಹೋಗಬ್ಯಾಡ,” ಎಂದು ಅವಳು ಅತ್ತಳು.

“ಒಲ್ಲೆ ಅಂದ್ರ ನಾಳಿ ಅಡವ್ಯಾಗ ಕಾಲಿಡಾಕ ಬಿಡ್ತಾರೇನ, ಹುಚ್ಚಿ?”

ಅವಳು ಅಣ್ಣ ಗಿಡ್ಡಪ್ಪನಲ್ಲಿಗೆ ಓಡಿದಳು. ಹುಲಿಹೈದರದಲ್ಲಿ ಅವ್ವ ಸಾಯಲಾಗಿದ್ದಾಳೆಂದು ಸುಳ್ಳು ಹೇಳಿ ಕಳಿಸಿದಳು. ಅಣ್ಣನಿಲ್ಲದಿದ್ದರೆ ಗಂಡ ಇಳಿಯುವುದಿಲ್ಲ… ಅದೇ ಅವಳ ನಂಬಿಕೆ.

ಸಾಹೇಬರು ಕಾಯಲಿಲ್ಲ. ಅವರ ಜವಾನನೊಬ್ಬ ಹಗ್ಗ ಎತ್ತಿಕೊಂಡು, “ನಿನ್ನ ಹೆಂಡ್ತಿ ಅಣ್ಣ ಇವತ್ತ ನಾನ! ಇಳಿಯಲೇ!” ಎಂದು ನಕ್ಕ. ಗಾಳೆಪ್ಪ ಇಳಿದ. ಜೇನುಹುಳು ಎದ್ದು ತನ್ನ ಮುಖಕ್ಕೆ ಮುತ್ತಿದಾಗ ಜವಾನ ಹಗ್ಗ ಬಿಟ್ಟು ಓಡಿದ.

ಬೀಳುವ ಮೊದಲು ಗಾಳೆಪ್ಪ ಇಳಿಸಿದ್ದ ಜೇನುಹುಟ್ಟನ್ನು ಸಾಹೇಬರು ಮೋಟಾರಿನಲ್ಲಿಟ್ಟುಕೊಂಡು ಹೋದರು.

ಮರುದಿನ ಹೆಣ ಎತ್ತುವ ಹೊತ್ತಿಗೆ ಗಿಡ್ಡಪ್ಪ ಬಂದ. “ಅವ್ವ ಆರಾಮ ಅದಾಳ! ಯಾರವ್ವಾ ಆ ಸುದ್ದಿ ಹೇಳಿದವ್ರು?” ಎನ್ನುತ್ತ ಒಳಗೆ ಕಾಲಿಟ್ಟವನು ಹೆಣ ಕಂಡು ಅಲ್ಲೇ ಕುಸಿದ.

“ನಾನ ಅಣ್ಣಾ… ಇವನ್ನ ಉಳಿಸ್ಕೊಳ್ಳಾಕ ನಾನ ಸುಳ್ಳು ಹೇಳಿದೆ!”

ಗಿಡ್ಡಪ್ಪ ತನ್ನ ಎರಡೂ ಅಂಗೈ ನೋಡಿಕೊಂಡ.

ಗೌಸಬೀ ಮೆಲ್ಲಗೆ ಹೇಳಿದಳು: “ಅವಗ ಗೊತ್ತಿತ್ತವ್ವಾ. ಅವ ಇಳಿಯೂ ಮುಂದ ನಾ ಅಲ್ಲೇ ಬಂಡೆ ಹತ್ರ ಕಟಗಿ ಆರಸ್ತಿದ್ದೆ. ‘ಅಣ್ಣನ್ನ ಊರು ಬಿಡಿಸ್ಯಾಳ, ನನ್ನ ಮ್ಯಾಲ ಅಷ್ಟು ಜೀವ ಆಕಿಗೆ. ಸಂಜಿಗೆ ಹೋಗಿ ನಗಸ್ತೀನಿ’ ಅಂದ.”

ಪಕ್ಕೀರವ್ವ ಗಂಡನ ಬಾತ ಕೆನ್ನೆಗೆ ಕೆನ್ನೆಯಿಟ್ಟಳು. “ನನ್ನ ಜೀವಾನ ನೀನು… ನಾ ಒಮ್ಮೆನೂ ಬಾಯಿಬಿಟ್ಟು ಹೇಳಲಿಲ್ಲಲ್ಲೋ!”

ಆಮೇಲೆ ಕೈಮುಗಿದಳು.

“ತಾಯಿ ಹುಲಿಗೆಮ್ಮಾ, ತಪ್ಪು ನಂದು. ಶಿಕ್ಷಾ ನನಗ ಕೊಡು. ಅವನ ಜೀವಕ್ಕ ನಿನ್ನ ಪಾದದಾಗ ಶಾಂತಿ ಕೊಡು.”