ಗೆರೆ ಮಾಸ್ತರರ ಖಾಲಿ ಜೆಲ್

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಕೋಣೆಯ ಗಾಜಿನಾಚೆ ಡಿಎನ್ಎ ಲ್ಯಾಬಿನ ಡಾಕ್ಟರಮ್ಮ ಬೇರೆ ಲ್ಯಾಬಿನಿಂದ ಬಂದಿದ್ದ ಅತಿಥಿ ವಿಜ್ಞಾನಿಯ ಬಲಗೈ ಹಿಡಿದುಕೊಂಡು ನಿಂತಿದ್ದಳು. ಅರೆತೆರೆದ ಬಾಗಿಲಿನಿಂದ ನೋಡಿದವನ ಹೊಟ್ಟೆಗೆ ಬೆಂಕಿ ಬಿತ್ತು.

ನೋಡಿದವನು ಅದೇ ಲ್ಯಾಬಿನ ಟೆಕ್ನಿಷಿಯನ್. ಡಿಎನ್ಎ ತುಂಡುಗಳನ್ನು ಬೇರ್ಪಡಿಸಿ ತೋರಿಸುವ ಅವನ ಜೆಲ್‌ಗಳಲ್ಲಿ ಗೆರೆಗಳು ಚೊಕ್ಕವಾಗಿ ಮೂಡುತ್ತಿದ್ದುದರಿಂದ ಎಲ್ಲರೂ ಅವನನ್ನು ಗೆರೆ ಮಾಸ್ತರು ಎನ್ನುತ್ತಿದ್ದರು. ಏಳು ವರ್ಷ ಡಾಕ್ಟರಮ್ಮನ ಪಕ್ಕದ ಟೇಬಲ್ಲಿನಲ್ಲೇ ಕೂತು, ಮನಸ್ಸಿನಲ್ಲಿದ್ದ ಒಂದೇ ಒಂದು ಮಾತು ಹೇಳಲಾಗದ ಮಹಾಶಯ.

"ಡಿಎನ್ಎ ನಕಲು ಮಾಡೋ ನಮ್ಮ ಕಿಣ್ವ ಥೇಟ್ ಬಲಗೈ ಥರ," ಎನ್ನುತ್ತಿದ್ದಳು ಅವಳು, ಅತಿಥಿಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ. "ಡಿಎನ್ಎ ಒಂದು ಮಣಿಸರ ಅಂದ್ಕೊಳ್ಳಿ, ಹೊಸ ಮಣಿ ಸೇರೋದು ಅಂಗೈಯಲ್ಲಿ. ಸರದ ಒಂದು ತುದಿ ಮಾತ್ರ ಅಲ್ಲಿ ಸರಿಯಾಗಿ ಕೂರುತ್ತೆ, ಇನ್ನೊಂದಕ್ಕೆ ಜಾಗಾನೇ ಇಲ್ಲ. ಅದಕ್ಕೇ ಡಿಎನ್ಎ ಬೆಳೆಯೋದು ಒಂದೇ ದಿಕ್ಕಿಗೆ."

ಅತಿಥಿ ನಕ್ಕ. ಹಾಳಾದವನ ಹಲ್ಲುಗಳು ಚೆನ್ನಾಗಿಯೇ ಇದ್ದವು. "ಆರು ತಿಂಗಳು ನಮ್ಮ ಲ್ಯಾಬಿಗೆ ಬನ್ನಿ."

"ಶುಕ್ರವಾರ ಹೇಳ್ತೀನಿ," ಎಂದಳು.

ಟೆಕ್ನಿಷಿಯನ್ ಕಂಪ್ಯೂಟರ್ ಮುಂದೆ ಬಂದು ಪ್ರೈಮರ್ ಆರ್ಡರ್ ಟೈಪ್ ಮಾಡಲು ಕೂತ. ಕಿಣ್ವ ತನ್ನ ಕೆಲಸ ಶುರುಮಾಡಲು ಬೇಕಾದ ಎರಡು ಪುಟ್ಟ ತುಂಡುಗಳು ಅವು. ಬೆರಳು ಕೀಬೋರ್ಡಿನ ಮೇಲಿತ್ತು, ಕಣ್ಣು ಗಾಜಿನ ಮೇಲೆ.

ಆ ಪ್ರೈಮರ್‌ಗಳು ಬಂದು, ಗುರುವಾರ ಜೆಲ್ ನೋಡಿದರೆ ಒಂದು ಗೆರೆಯೂ ಇಲ್ಲ!

ಡಾಕ್ಟರಮ್ಮ ಆರ್ಡರ್ ಹಾಳೆ ಓದಿದಳು. ಓದುತ್ತ ಓದುತ್ತ ಹುಬ್ಬು ಮೇಲೇರಿತು.

"ಮಾಸ್ತರೇ, ಎರಡನೇ ಪ್ರೈಮರನ್ನ ತಿರುಗಿಸೋದೇ ಮರೆತಿದೀರಿ. ಎರಡೂ ಒಂದೇ ಕಡೆ ಓಡ್ತಿವೆ. ಎದುರುಬದುರಾಗಿ ಬಂದ್ರೆ ತಾನೇ ಮಧ್ಯದ ಭಾಗ ಲಕ್ಷಗಟ್ಟಲೆ ಪ್ರತಿ ಆಗೋದು? ಹೊಸಬರೂ ಮಾಡಲ್ಲ ಈ ತಪ್ಪು. ಯಾವತ್ತು ಟೈಪ್ ಮಾಡಿದ್ದು?"

"ಸೋಮವಾರ."

"ಸೋಮವಾರ ಅಂಥದ್ದೇನಾಗಿತ್ತು?"

"ನೀವು ಅವನ ಕೈ ಹಿಡಿದಿದ್ರಿ." ಮಾತು ಬಾಯಿಂದ ಜಾರಿಯೇಬಿಟ್ಟಿತು. ಇನ್ನು ನುಂಗಿ ಪ್ರಯೋಜನವಿರಲಿಲ್ಲ. "ನಂಗೆ ಹೊಟ್ಟೆ ಉರೀತು. ಈಗ್ಲೂ ಉರೀತಿದೆ. ನೀವು ಹೋಗ್ಬೇಡಿ. ನೀವಿಲ್ಲದೆ ನಂಗೆ ಆಗಲ್ಲ."

ಅವಳು ಹಾಳೆಯನ್ನು ಟೇಬಲ್ಲಿನ ಮೇಲಿಟ್ಟಳು. ಕೈಗವಸನ್ನು ನಿಧಾನವಾಗಿ ಕಳಚಿದಳು.

"ಅವರು ಅವತ್ತೇ ಉತ್ತರ ಕೇಳಿದ್ರು. ಶುಕ್ರವಾರದವರೆಗೆ ಎಳೆದಿದ್ದು ನಾನು," ಎಂದಳು. "ಅಷ್ಟರಲ್ಲಿ ನೀವು ಬಾಯಿ ಬಿಡ್ತೀರೇನೋ ಅಂತ. ಇನ್ನೂ ಒಂದು ದಿನ ಇರುವಾಗ್ಲೇ ಬಿಟ್ರಿ, ಪುಣ್ಯಾತ್ಮರು."

ಅವನ ಬಲಗೈಯನ್ನು ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚತೊಡಗಿದಳು. "ಇವು ಬೆರಳು. ಇದು ಹೆಬ್ಬೆರಳು. ಇದು ಅಂಗೈ..."

"ಈ ಪಾಠ ನಂಗೆ ಏಳು ವರ್ಷದಿಂದ ಗೊತ್ತು," ಎಂದ ಅವನು.

"ನಿಮಗೆ ಗೊತ್ತು ಅಂತ ನಂಗೂ ಗೊತ್ತು," ಎಂದಳು. ಕೈ ಮಾತ್ರ ಬಿಡಲಿಲ್ಲ.