ಹೊಳೆಗೆ ಒಗೆದ ಕೀಲಿ

"ಇಳೀಬ್ಯಾಡ್ರಿ ಸಾಹೇಬ್ರ. ಯಾರೋ ನಿವಾಳಿಸಿ ಇಟ್ಟಾರ."

ಡ್ರೈವರ್ ಅಲ್ಲಾಬಕ್ಷ ಕಾರು ನಿಲ್ಲಿಸಿಬಿಟ್ಟಿದ್ದ. ಬ್ಯಾಡಗಿ ಹಿಂದೆ ಬಿದ್ದಿತ್ತು, ಹೆದ್ದಾರಿ ಇನ್ನೂ ಸಿಕ್ಕಿರಲಿಲ್ಲ. ಮೂರು ದಾರಿ ಕೂಡುವ ಜಾಗ. ದೀಪ ಹಚ್ಚುವ ಹೊತ್ತು, ಅದರ ಮೇಲೆ ಅಮಾವಾಸ್ಯೆ. ಕಾರಿನ ಬೆಳಕಿನಲ್ಲಿ ಕುಂಕುಮ ಸವರಿದ ನಿಂಬೆಹಣ್ಣು, ಗುಪ್ಪೆ ಹಾಕಿದ ಕೆಂಪು ಮೆಣಸಿನಕಾಯಿ ಕಂಡವು. ನಡುವೆ ಏನೋ ಕರ್ರಗೆ ಹೊಳೆಯುತ್ತಿತ್ತು.

"ರಾಣೆಬೆನ್ನೂರಾಗ ಸನ್ಮಾನಕ್ಕ ಜನ ಕಾಯಾಕತ್ತಾರ. ಶಾಸಕನ ಗಾಡಿ ನಿಂಬಿಹಣ್ಣಿಗೆ ಅಂಜಿ ನಿಂತೈತಿ ಅಂದ್ರ ನಗ್ತಾರಲೇ," ಎಂದ ಪ್ರಭುಲಿಂಗಪ್ಪ.

"ಮುಟ್ಟಿದವ್ರಿಗೆ ಹತ್ತತೈತ್ರಿ."

"ಹಂಗಾರ ನಾನ ಮುಟ್ಟತೇನಿ, ನೋಡ್ಕೋ."

ಹಾವೇರಿ ಕೋರ್ಟಿನ ಬೇವಿನ ಮರದ ಕೆಳಗೆ ಮುರುಕು ಕುರ್ಚಿ ಹಾಕಿಕೊಂಡು ಗಿರಾಕಿಗೆ ಕಾಯುತ್ತಿದ್ದ ಈ ವಕೀಲನನ್ನು ಶಾಸಕನನ್ನಾಗಿ ಮಾಡಿದ್ದೇ ಬ್ಯಾಡಗಿಯ ಹೆಣಗಳು. ಖಾರದಪುಡಿ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಒಳಗಿದ್ದರು, ಕೀಲಿ, ಅಂದರೆ ಬಾಗಿಲಿಗೆ ಜಡಿದ ಬೀಗ, ಹೊರಗಿತ್ತು. ಬೆಂಕಿ ಮುಟ್ಟುವ ಮೊದಲೇ ಘಾಟು ಅವರನ್ನು ತಿಂದಿತು. ಅವರಲ್ಲಿ ಸುಶೀಲವ್ವನ ಮಗಳು ಪುಷ್ಪಲತಾ ಒಬ್ಬಳು. ಆರದ ಬೂದಿಯಲ್ಲಿ ಕೈ ಹಾಕಿ ಸುಶೀಲವ್ವ ಆ ಕೀಲಿಯನ್ನು ಹುಡುಕಿದಳು, ಸೆರಗಿನಲ್ಲಿ ಕಟ್ಟಿಕೊಂಡು ಬಂದು ಇವನ ಕೈಗಿಟ್ಟಳು.

ಇವನು ಅದನ್ನು ಎತ್ತಿ ಹಿಡಿದು ಊರೂರಲ್ಲಿ ಭಾಷಣ ಬಿಗಿದ. ಜನ ಅತ್ತರು, ಓಟು ಹಾಕಿದರು. ಕೋರ್ಟಿಗೆ ಮಾತ್ರ ಕೀಲಿ ಹೋಗಲಿಲ್ಲ. ಚುನಾವಣೆಯ ಖರ್ಚನ್ನು ಕಾರ್ಖಾನೆಯ ಮಾಲೀಕ ಹೊತ್ತಿದ್ದ. ಗಳಗನಾಥದಲ್ಲಿ ಎರಡು ಹೊಳೆ ಕೂಡುವ ಕಡೆ, ದೇವರಿಗೆ ಕೈ ಮುಗಿದು ಬಂದ ಅದೇ ಕೈಯಿಂದ, ಇವನು ಕೀಲಿಯನ್ನು ನೀರಿಗೆ ಬೀಸಿ ಒಗೆದ. ಬಾಗಿಲು ಹಾಕಿತ್ತು ಎನ್ನಲು ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋಯಿತು.

ಇವತ್ತು ಮುಂಜಾನೆ ಸುಶೀಲವ್ವ ಇವನ ಗೇಟಿಗೆ ಬಂದಿದ್ದಳು.

"ಕೀಲಿ ಎಲ್ಲೈತ್ರಿ ವಕೀಲ್ರ?"

"ತುಕ್ಕ ಹಿಡದ ಕಬ್ಬಿಣಕ್ಕ ಎಷ್ಟ ದಿನಾ ಅಳತೀಬೇ? ಮನಿಗೆ ನಡಿ."

"ಆತು. ಸಂಜಿಕೆ ನಿನ್ನ ಹೆಸರಿಲೇ ಒಲಿಗೆ ಮೆಣಸಿನಕಾಯಿ ಹಾಕತೇನಿ. ನನ್ನ ಮನ್ಯಾಗ ಘಾಟ ಏಳಲಿಲ್ಲ ಅಂದ್ರ, ಅದು ನಿನ್ನ ಎದಿಯಾಗ ಹೊಕ್ಕೈತಿ ಅಂತ ತಿಳಕೋ."

"ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಎಲ್ಲೈತಬೇ?" ಎಂದು ನಕ್ಕಿದ್ದ. ಸುತ್ತಲಿದ್ದ ಬಾಲಬಡುಕರೂ ನಕ್ಕಿದ್ದರು.

ಈಗ ಬೂಟಿನಿಂದ ಮೆಣಸಿನಕಾಯಿ ಸರಿಸಿದ. ನಗು ಅಲ್ಲೇ ಸತ್ತಿತು.

ಅದೇ ಕೀಲಿ. ಸುಟ್ಟು ಕರ್ರಗಾದ ಹೊಟ್ಟೆ, ಸೊಟ್ಟಗಾದ ಕೊಂಡಿ. ಸಂದಿಯಲ್ಲಿ ಹೊಳೆಯ ಉಸುಕು ಇನ್ನೂ ಹಸಿಯಾಗಿತ್ತು.

ಬೇರೆ ಯಾರಾದರೂ ಓಡಿಹೋಗುತ್ತಿದ್ದರು. ಆದರೆ ಇವನು ವಕೀಲ. ಸಾಕ್ಷಿಯನ್ನು ನಡುಬೀದಿಯಲ್ಲಿ ಬಿಟ್ಟು ಹೋಗುವ ವಕೀಲ ಇನ್ನೂ ಹುಟ್ಟಿಲ್ಲ. ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಇಳಿಸಿದ.

"ನಡಿ, ಲಗೂನ."

ಅಲ್ಲಾಬಕ್ಷ ಆಗಲೇ ಕೆಳಗಿಳಿದು ದೂರ ನಿಂತಿದ್ದ. "ಅದನ್ನ ಒಗೀರಿ. ಅದು ಜೇಬಿನ್ಯಾಗ ಇದ್ರ ನಾ ಗಾಡಿ ಹತ್ತಾಂಗಿಲ್ರಿ."

"ನಿನ್ನ ಕೆಲಸ ಹೋತು ತಿಳಕೋ." ತಾನೇ ಚಾಲಕನ ಸೀಟಿಗೆ ಕುಳಿತು ಬಾಗಿಲು ಎಳೆದುಕೊಂಡ.

ಜೇಬಿನಲ್ಲಿ ಕೀಲಿ ಕಟ್ ಎಂದಿತು.

ಮೊದಲು ಎಳೆಯಷ್ಟು ವಾಸನೆ. ಒಗ್ಗರಣೆ ಸೀದಂತೆ. ಆಮೇಲೆ ಗಂಟಲಿಗೆ ಸೂಜಿ ಹೊಕ್ಕಂತೆ. ಬಾಗಿಲು ನೂಕಿದ. ತೆರೆಯಲಿಲ್ಲ. ಗಾಜು ಇಳಿಯಲಿಲ್ಲ. ಕಣ್ಣು ಉರಿದವು. ಹಿಂದಿನ ಸೀಟಿನಲ್ಲಿ ಕೆಮ್ಮು. ಒಬ್ಬಳದಲ್ಲ, ಹಲವರದು. ಉಗುರುಗಳು ತಗಡಿನ ಮೇಲೆ ಪರಪರ ಕೆರೆಯುತ್ತಿದ್ದವು.

"ಬಾಗಲಾ ಹಾಕಿತ್ತೇನ್ರಿ ವಕೀಲ್ರ?" ಕಿವಿಯ ಹತ್ತಿರ ಹುಡುಗಿಯ ದನಿ.

"ತೆರದಿತ್ತು..." ನಾಲಿಗೆಗೆ ರೂಢಿಯಾಗಿದ್ದ ಮಾತು ತಾನೇ ಹೊರಬಿತ್ತು.

ಘಾಟು ಎದೆಗಿಳಿಯಿತು. ಉಸಿರಿಲ್ಲ. ಕತ್ತಲೆ. ಗಾಜಿನಾಚೆ ಅಲ್ಲಾಬಕ್ಷ ಬಡಿಯುತ್ತಿದ್ದ. ಅವನಿಗೆ ಕೆಮ್ಮಿಲ್ಲ. ಏನೂ ಇಲ್ಲ.

"ಹಾಕಿತ್ತು! ಹೊರಗಿಂದ ಹಾಕಿತ್ತು! ಕೀಲಿ ಹೊಳಿಗೆ ಒಗದಾಂವ ನಾನ!"

ಕಟ್.

ಬಾಗಿಲು ತೆರೆಯಿತು. ಇವನು ಮಣ್ಣಿಗೆ ಬಿದ್ದು ಗಾಳಿ ನುಂಗಿದ. ತಣ್ಣನೆಯ, ಸಿಹಿ ಗಾಳಿ. ಅಲ್ಲಾಬಕ್ಷ ನೀರಿನ ಬಾಟಲಿ ಹಿಡಿದು ನಿಂತಿದ್ದ. ಆದರೆ ಕೊಡಲಿಲ್ಲ.

"ಖರೇನೇನ್ರಿ? ಆ ಕೀಲಿ ನೀವ ಒಗದ್ರಿ?"

ಅಷ್ಟರಲ್ಲಿ ಫೋನು ಗುಣುಗುಟ್ಟಿತು. ಮಾಲೀಕ. ಹಾರಗಳು ಬಾಡುತ್ತಿವೆಯಂತೆ.

ಪ್ರಭುಲಿಂಗಪ್ಪ ಎದ್ದ. ಬಿಳಿ ಅಂಗಿಯ ಮಣ್ಣು ಜಾಡಿಸಿದ. ಉಸಿರು ಮರಳಿತ್ತು, ಉಸಿರಿನ ಹಿಂದೆಯೇ ಬುದ್ಧಿಯೂ ಮರಳಿತ್ತು.

"ನಾ ಏನೂ ಅಂದಿಲ್ಲ. ನೀ ಏನೂ ಕೇಳಿಲ್ಲ. ಬಾಗಲಾ ತೆರದ ಇತ್ತು, ತಿಳೀತೇನು?"

ಕಾರು ಹತ್ತಿದ. ಬಾಗಿಲು ಎಳೆದುಕೊಂಡ.

ಕಟ್.

ಅಲ್ಲಾಬಕ್ಷ ಕಲ್ಲು ತಂದು ಗಾಜಿಗೆ ಬಡಿದ. ಕಲ್ಲು ಒಡೆಯಿತು, ಗಾಜು ಒಡೆಯಲಿಲ್ಲ. ಒಳಗೆ ಎರಡು ಅಂಗೈಗಳು ಗಾಜಿನ ಮೇಲೆ ಜಾರಿ ಕೆಳಗಿಳಿದವು.

ಅತ್ತ ಬ್ಯಾಡಗಿಯಲ್ಲಿ ಸುಶೀಲವ್ವ ಒಲೆಗೆ ಹಿಡಿ ಮೆಣಸಿನಕಾಯಿ ಹಾಕಿ, ಕಿಟಕಿ ಮುಚ್ಚಿ ಕುಳಿತಿದ್ದಳು. ಕಾಯಿ ಚಟಚಟ ಸಿಡಿದು ಇದ್ದಲಾದವು.

ಕೆಮ್ಮು ಬರಲಿಲ್ಲ.