ಎಡಗಡೆಯವಳ ರವಿಕೆ

ನಂಬದವರು ನಮ್ಮೂರು ಇಲೆಶಾಕ್ಕೆ ಬಂದು ನನ್ನ ಸ್ಟುಡಿಯೋದ ಕಿಟಕಿ ನೋಡಿ. ಫೋಟೊ ಅಲ್ಲೇ ಇದೆ. ತೆಗೆದುಬಿಡು ಎಂದವರಿಗೆಲ್ಲ ಆಗೋದಿಲ್ಲ ಎಂದಿದ್ದೇನೆ.

ನಮ್ಮಲ್ಲಿ ಅವಳಿಗಳಲ್ಲಿ ಒಬ್ಬರು ತೀರಿಕೊಂಡರೆ, ಉಳಿದವರ ಫೋಟೊವನ್ನೇ ಎರಡು ಸಲ ಪಕ್ಕಪಕ್ಕ ಅಚ್ಚು ಹಾಕಿ ಜೋಡಿ ಮಾಡುತ್ತೇವೆ. ಕೆಹಿಂದೆ ಎಂಬವಳ ಜೊತೆ ಹುಟ್ಟಿದ ತಾಯ್ವೊ ಹಸುಗೂಸಾಗಿದ್ದಾಗಲೇ ಹೋದವಳು. ನಲವತ್ತು ತುಂಬಿದ ದಿನ ಕೆಹಿಂದೆ ಕೆಂಪು ರವಿಕೆ ತೊಟ್ಟು, ಚಿಕ್ಕಮ್ಮನನ್ನು ಕರೆದುಕೊಂಡು ಬಂದಳು. ಜೋಡಿ ಫೋಟೊ ಅಮ್ಮನ ಕಾಲದ ಹಾಗೆ ಕಪ್ಪು-ಬಿಳುಪಿನಲ್ಲೇ ಬೇಕೆಂದಳು.

ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಎರಡು ಮಾಡಿ ಬಣ್ಣ ಇಳಿಸಿದೆ. ರವಿಕೆ ತೀರಾ ಕಪ್ಪಾಯಿತೆಂದು ಕೆಂಪಿನ ಛಾಯೆ ಏರಿಸಿದೆ; ಯಾವ ಬಣ್ಣ ಏರಿಸುತ್ತೇವೋ ಆ ಬಣ್ಣದ ಬಟ್ಟೆ ಮಾತ್ರ ಕಪ್ಪು-ಬಿಳುಪಿನಲ್ಲಿ ಬೆಳ್ಳಗಾಗುತ್ತದೆ. ಬಲಗಡೆಯದು ಬೆಳ್ಳಗಾಯಿತು, ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ನೀಲಿ ಏರಿಸಿದೆ. ಈಗ ಎಡಗಡೆಯದು ಮಾತ್ರ ಬೆಳ್ಳಗಾಯಿತು. ಬಣ್ಣ ಮರಳಿಸಿ ನೋಡಿದರೆ ಎರಡೂ ಕೆಂಪೇ.

“ಏನಯ್ಯಾ ಇದು? ಎರಡನ್ನೂ ಒಂದೇ ಥರ ಮಾಡು!” ಎಂದು ಚಿಕ್ಕಮ್ಮ ಗದರಿದಳು.

“ಮಾಡಬೇಡಣ್ಣ,” ಎಂದಳು ಕೆಹಿಂದೆ. “ಇಷ್ಟು ವರ್ಷ ತಾಯ್ವೊ ಪ್ರತಿ ಫೋಟೊದಲ್ಲೂ ನನ್ನ ಬಟ್ಟೇನೇ ಹಾಕ್ಕೊಂಡು ನಿಂತಿದ್ಲು. ಇವತ್ತು ತನ್ನದು ಹಾಕ್ಕೊಂಡಿದ್ದಾಳೆ. ನೀನ್ಯಾಕೆ ಚಿಕ್ಕಮ್ಮ ಅಡ್ಡ ಬರ್ತೀಯಾ?”

ಹಾಗೇ ಅಚ್ಚು ಹಾಕಿದೆ. ಒಂದನ್ನು ಅವಳು ಒಯ್ದಳು, ಒಂದನ್ನು ನಾನು ಕಿಟಕಿಗೆ ಹಾಕಿದೆ.

ಎಂಟು ವರ್ಷವಾಯಿತು. ಮೊನ್ನೆ ಕೆಹಿಂದೆ ಆ ಕಿಟಕಿಯೆದುರು ನಿಂತಿದ್ದಳು. ಅವಳ ಮುಂದಲೆ ನರೆತಿದೆ. ಫೋಟೊದಲ್ಲಿ ಬಲಗಡೆಯವಳ ಕೂದಲು ಅಂದಿನ ಹಾಗೇ ಕಪ್ಪಗಿದೆ. ಎಡಗಡೆಯವಳದು ನರೆತಿದೆ.